ಎರಡು ರೊಟ್ಟಿ ಬೇಯುವಷ್ಟು ಹೊತ್ತು

ನಾನು ಚಿಕ್ಕವಳಿದ್ದಾಗ ನಮ್ಮ ಹೊಲಗಳಿಗೆ ಎಣ್ಣೆ ಹೊಡೆಯಲು ವಿಮಾನ ಬರುತ್ತಿತ್ತು. ಎಣ್ಣೆಯೆಂದರೆ ಒಗ್ಗರಣೆಯ ಎಣ್ಣೆಯಲ್ಲ ಮಕ್ಕಳೇ, ಹತ್ತಿಯ ಕಾಯಿ ಕೊರೆಯುವ ಹುಳು ಸಾಯಲೆಂದು ಹೊಡೆಯುವ ವಿಷ. ನಮ್ಮ ಕಡೆ ಅದಕ್ಕೆ ಆಗಿನಿಂದಲೂ ಎಣ್ಣೆ ಅಂತಲೇ ಹೆಸರು. ಮೊನ್ನೆ ನೀವು ಪಕ್ಕದ ಹೊಲದಲ್ಲಿ ಡ್ರೋನ್ ಹಾರಿಸುವುದನ್ನು ನೋಡಿ ಬಂದು ದಿನವೆಲ್ಲ ಅದರ ಮಾತೇ ಆಡಿದಿರಿ. ಅದು ಕೆಟ್ಟು ಕೆಳಗೆ ಬಿದ್ದರೆ ಏನಾಗುತ್ತದೆ ಅಜ್ಜಿ ಅಂತ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವನು ಕೇಳಿದ. ಒಲೆಯ ಮುಂದೆ ಇದ್ದ ನಾನು ಕೇಳಿಸದವಳ ಹಾಗೆ ಸುಮ್ಮನಾದೆ. ಸುಮ್ಮನಿರುವ ಈ ಚಾಳಿ ನನಗೆ ಹಳೆಯದು. ಇವತ್ತು ಹೇಳುತ್ತೇನೆ, ಕೇಳಿ.

ನಮ್ಮೂರು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿ ಬಿಟ್ಟು ಒಳಗಿತ್ತು. ಕಣ್ಣು ಹಾಯುವ ತನಕ ಎರೆಯ ಕರಿಮಣ್ಣಿನ ಹೊಲ. ನೆಲ ಚಲೋ, ನೀರು ಮಾತ್ರ ಸವಳು. ಎಲ್ಲಿ ಬಾವಿ ತೋಡಿದರೂ ಅದೇ ಉಪ್ಪು ನೀರು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಕುಡಿಯಲು ಇದ್ದದ್ದು ಊರ ಹೊರಗಿನ ಒಂದೇ ಸಿಹಿನೀರಿನ ಕೆರೆ. ಆ ಕೆರೆಗೆ ದೇವರ ಗುಡಿಯಷ್ಟೇ ಮಡಿ. ಚಪ್ಪಲಿಯನ್ನು ಏರಿಯ ಕೆಳಗೇ ಬಿಟ್ಟು ಮೆಟ್ಟಿಲು ಇಳಿಯಬೇಕು. ಬಟ್ಟೆ ಒಗೆಯುವಂತಿಲ್ಲ, ದನ ಇಳಿಸುವಂತಿಲ್ಲ, ದಂಡೆಯ ಮೇಲೆ ನಿಂತು ಉಗುಳುವಂತೆಯೂ ಇಲ್ಲ. ಊರಿಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ಕೆರೆಯ ನೀರು, ಒಂದು ಚೂರು ಬೆಲ್ಲ ಕೊಡಬೇಕು. ಮಾತು ಆಮೇಲೆ. ಲಕ್ಕಲಕಟ್ಟಿಯಿಂದ ಬರುತ್ತಿದ್ದ ನಮ್ಮ ಸೋದರತ್ತೆ ಊಟಕ್ಕಿಂತ ಮೊದಲು ಎರಡು ತಂಬಿಗೆ ನೀರು ಕುಡಿದು, ಹೊಟ್ಟೆ ತಣ್ಣಗಾಯಿತು ಎನ್ನುತ್ತಿದ್ದಳು. ನಮ್ಮೂರವರಿಗೆ ಬಂಗಾರದ ಹೆಮ್ಮೆ ಇರಲಿಲ್ಲ, ಆ ನೀರಿನ ಹೆಮ್ಮೆ ಇತ್ತು.

ವಿಮಾನ ಬರುವ ಹಿಂದಿನ ದಿನ ಸಂಜೆ ಡಂಗುರ ಸಾರುತ್ತಿದ್ದರು. "ನಾಳಿ ಮುಂಜಾನಿ ಎಣ್ಣಿ ಹೊಡಿಯೂ ಇಮಾನ ಬರತೈತಿ, ನೀರು ನಿಡಿ ಮುಚ್ಚಿಡ್ರೀ, ದನಾ ಕರಾ ಕಟ್ಟಿ ಹಾಕ್ರೀ, ಹೊಲದ ಕಡೆ ಯಾರೂ ಹೋಗಬ್ಯಾಡ್ರೀ" ಎಂದು ಓಣಿ ಓಣಿಗೆ ಕೂಗುತ್ತಿದ್ದರು. ಅದನ್ನು ಕೇಳಿದ ಕೂಡಲೇ ಅವ್ವ ಮತ್ತು ಅಕ್ಕ ಕೊಡಪಾನ ಎತ್ತಿಕೊಂಡು ಕೆರೆಗೆ ಹೋಗಿ, ಮನೆಯಲ್ಲಿ ಇದ್ದಬದ್ದ ಪಾತ್ರೆಗೆಲ್ಲ ನೀರು ತುಂಬಿ, ಅರಿವೆ ಕಟ್ಟಿ, ಮೇಲೆ ತಾಟು ಮುಚ್ಚುತ್ತಿದ್ದರು. ಅಕ್ಕನಿಗೆ ಆಗ ಹದಿನೈದು ವರ್ಷ. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದರೂ ಅವಳ ಸೆರಗು ಒದ್ದೆಯಾಗುತ್ತಿರಲಿಲ್ಲ. ನಾನು ಒಂದು ತಂಬಿಗೆ ಹಿಡಿದು ಹಿಂದೆ ಹಿಂದೆ ನಡೆದರೂ ಅರ್ಧ ಚೆಲ್ಲಿಕೊಂಡೇ ಬರುತ್ತಿದ್ದೆ.

ವಿಮಾನಕ್ಕೆ ದಾರಿ ತೋರಿಸುವವನು ಅಪ್ಪ. ಗಾಬರಿಯಾಗಬೇಡಿ, ಅಪ್ಪ ಅದರೊಳಗೆ ಕೂಡುತ್ತಿರಲಿಲ್ಲ. ಉದ್ದನೆಯ ಬಿದಿರಿಗೆ ಬಿಳಿಯ ನಿಶಾನೆ ಕಟ್ಟಿಕೊಂಡು ಹೊಲದ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಇನ್ನೊಬ್ಬರು ನಿಲ್ಲುತ್ತಿದ್ದರು. ವಿಮಾನ ಆ ಎರಡು ನಿಶಾನೆಗಳ ನಡುವೆ ನೇರವಾಗಿ ಎಣ್ಣೆ ಸುರಿಯುತ್ತ ಹೋಗುತ್ತಿತ್ತು. ಹೋದ ಮೇಲೆ ಇವರು ಹೆಜ್ಜೆ ಎಣಿಸಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಊರಿನ ಎಲ್ಲ ಹೊಲಗಳ ಬದು ಅಪ್ಪನಿಗೆ ಬಾಯಿಪಾಠವಾಗಿದ್ದರಿಂದ ಆ ಕೆಲಸ ಅವನಿಗೇ ಬಂದಿತ್ತು. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದ. ಕೆರೆಯ ಸುತ್ತಲಿನ ಹೊಲಗಳಲ್ಲಿ ಮಾತ್ರ ನಿಶಾನೆ ಹಿಡಿಯುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದ. ಆ ಹೊಲಗಳಿಗೆ ಎಣ್ಣೆ ಬೀಳುತ್ತಿರಲಿಲ್ಲ.

ಆ ವರ್ಷ ಮಹಾನವಮಿ ಮುಗಿದಿತ್ತು. ಎರಡು ದಿನದ ಹಿಂದೆ ಮಳೆ ಬಿದ್ದು, ಆ ದಿನ ಬೆಳಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಪ್ಪ ನಿಶಾನೆ ಹೆಗಲಿಗಿಟ್ಟು ಹೊರಡುವಾಗ ನನ್ನ ಕಡೆ ನೋಡಿ ಅವ್ವನಿಗೆ ಹೇಳಿದ: "ಸಣ್ಣಾಕಿ ಮ್ಯಾಲ ಕಣ್ಣಿಡು. ಊರ ಮಂದಿಗೆ ನಾನ ಹೇಳಾಂವ, ನನ್ನ ಮನೀ ಹುಡುಗೀನ ಹೊಲದಾಗ ಸಿಕ್ಕರ ನಾ ಯಾರ ಮುಂದ ಮಾರಿ ತೋರಿಸಲಿ?" ಅವ್ವ ನನಗೆ, ಹೊಸ್ತಿಲು ದಾಟಿದರೆ ಕಾಲು ಮುರಿಯುತ್ತೇನೆ ಎಂದಳು. ಹೂಂ ಎಂದೆ. ಅವ್ವ ಜೋಳದ ಹಿಟ್ಟು ನಾದಲು ಕೂತದ್ದೇ, ಹಿತ್ತಲಿನ ಬೇಲಿ ನುಸುಳಿ ಕೆರೆಯ ಏರಿಗೆ ಓಡಿದೆ. ವಿಮಾನವನ್ನು ಹತ್ತಿರದಿಂದ ನೋಡಬೇಕೆಂಬ ಆಸೆ. ಏರಿಯ ಮೇಲೆ ಒಂದು ಜಾಲಿಗಿಡವಿತ್ತು, ಅದರ ಬುಡದಲ್ಲಿ ಮುದುಡಿ ಕೂತರೆ ಯಾರಿಗೂ ಕಾಣುತ್ತಿರಲಿಲ್ಲ.

ವಿಮಾನ ಬಂತು. ಹಳದಿ ಬಣ್ಣ, ಮೂತಿಗೆ ಒಂದೇ ಪಂಖ. ದೂರದ ಹತ್ತಿಯ ಮೇಲೆ ಬಗ್ಗಿ ಬಗ್ಗಿ ಹಾರುತ್ತಿತ್ತು, ಹಿಂದೆ ಬಿಳಿಯ ಸೆರಗಿನ ಹಾಗೆ ಎಣ್ಣೆ ಇಳಿಯುತ್ತಿತ್ತು. ಅಪ್ಪನ ನಿಶಾನೆ ಒಂದು ಬಿಳಿಯ ಚುಕ್ಕೆಯಷ್ಟು ಕಾಣುತ್ತಿತ್ತು. ನಾಲ್ಕು ಸಲ ಹೋಗಿ ಬಂತು. ಐದನೆಯ ಸಲ ಮೇಲೇರುವಾಗ ಹಿಟ್ಟಿನ ಗಿರಣಿಯ ಪಟ್ಟಾ ಜಾರಿದಾಗ ಆಗುವಂಥ ಸದ್ದು ಬಂತು. ಆಮೇಲೆ ಕೆಮ್ಮು. ಮುದುಕರು ಕೆಮ್ಮುವ ಹಾಗೆ, ಬಿಟ್ಟು ಬಿಟ್ಟು. ಮೂತಿಯ ಕಡೆಯಿಂದ ಕರಿಯ ಹೊಗೆ ಬಂತು. ವಿಮಾನ ಹೊರಳಿ ನೇರವಾಗಿ ನಾನು ಕೂತಿದ್ದ ಕಡೆಗೇ ತಗ್ಗಿಕೊಂಡು ಬಂತು.

ಒಳಗಿದ್ದವನ ತಲೆ ನನಗೆ ಕಂಡಿತು. ಅವನು ಆಚೆ ಈಚೆ ನೋಡುತ್ತಿದ್ದ. ಭಾರ ಇಳಿಸದಿದ್ದರೆ ಮನೆಗಳನ್ನು ದಾಟಲಾಗುವುದಿಲ್ಲ ಎಂದು ಅವನಿಗೆ ಗೊತ್ತಾಗಿರಬೇಕು. ಒಂದು ಕಡೆ ಊರು, ಒಂದು ಕಡೆ ನಿಶಾನೆ ಹಿಡಿದ ಮನುಷ್ಯರು, ನಡುವೆ ಕೆರೆ. ಮೇಲಿನಿಂದ ನೋಡುವವನಿಗೆ ಅದು ಬರೀ ನೀರು. ಕೆರೆಯ ಮೇಲೆ ಬಂದಾಗ ವಿಮಾನದ ಹೊಟ್ಟೆ ಬಾಯಿ ತೆರೆಯಿತು. ಇದ್ದ ಎಣ್ಣೆಯೆಲ್ಲ ಒಂದೇ ಸಲಕ್ಕೆ, ಕಡಾಯಿ ಮಗುಚಿದ ಹಾಗೆ, ಮೆಟ್ಟಿಲಿನ ಹತ್ತಿರ ನೀರಿಗೆ ಬಿತ್ತು. ಅದರ ಹನಿಗಳು ಗಾಳಿಗೆ ಬಂದು ನನ್ನ ಲಂಗಕ್ಕೂ ಸಿಡಿದವು. ಬೆಳ್ಳುಳ್ಳಿ ಕೊಳೆತಂಥ ವಾಸನೆ, ಗಂಟಲಿಗೆ ಹತ್ತಿಕೊಂಡಿತು. ನೀರು ಸ್ವಲ್ಪ ಹೊತ್ತು ಹಾಲಿನ ಹಾಗೆ ಬೆಳ್ಳಗಾಗಿ, ಹರಡುತ್ತ ಹರಡುತ್ತ ಮೊದಲಿನಂತೆಯೇ ಆಯಿತು. ಆಮೇಲೆ ಬಂದವರಿಗೆ ಅಲ್ಲಿ ಏನಾದರೂ ಬಿದ್ದಿದೆ ಅಂತ ಅನ್ನಿಸುವಂತಿರಲಿಲ್ಲ.

ಹಗುರಾದ ವಿಮಾನ ಏರಿ ದಾಟಿ ಆಚೆಗೆ ಹೋಯಿತು. ಅಲ್ಲಿ ಜೋಳ ಬಿತ್ತಲೆಂದು ಹರಗಿ ಹದ ಮಾಡಿದ ಹೊಲವಿತ್ತು. ಬಿಸಿಲಿಗೆ ಮೇಲ್ಮಣ್ಣು ಒಣಗಿ ಬೂದಿ ಬಣ್ಣಕ್ಕೆ ತಿರುಗಿ, ಅಂಗಳದ ಹಾಗೆ ಸಮನಾಗಿ ಕಾಣುತ್ತಿತ್ತು. ಮಳೆ ಬಿದ್ದ ಎರಡು ದಿನಕ್ಕೆ ಎರೆಯ ಹೊಲದೊಳಗೆ ನಮ್ಮೂರಿನ ಎತ್ತು ಕೂಡ ಕಾಲಿಡುವುದಿಲ್ಲ, ಮೇಲೆ ಒಣಗಿದರೂ ಒಳಗೆ ಕೆಸರು. ಪರ ಊರಿನ ಆ ಮನುಷ್ಯನಿಗೆ ಅದು ಹೇಗೆ ತಿಳಿಯಬೇಕು? ಗಾಲಿ ನೆಲ ಮುಟ್ಟಿದವು, ಎರಡು ಮಾರು ಓಡಿದವು, ಹೂತುಹೋದವು. ಬಾಲ ಮೇಲೆದ್ದು ವಿಮಾನ ಅಂಗಾತ ಬಿತ್ತು.

ಮೊದಲು ಓಡಿ ಬಂದವನು ಅಪ್ಪ. ನಿಶಾನೆ ಕೈಯಲ್ಲೇ ಇತ್ತು. ಅವನ ಹಿಂದೆ ಗಂಡಸರು, ಊರಿನ ಕಡೆಯಿಂದ ಇನ್ನಷ್ಟು ಜನ. ನಾನು ಎದ್ದು ಅಪ್ಪಾ ಎಂದು ಕೂಗಬಹುದಿತ್ತು. ಕೂಗಲಿಲ್ಲ. ಅಪ್ಪ ಹೊರಡುವಾಗ ಹೇಳಿದ ಮಾತು ಕಿವಿಯಲ್ಲಿತ್ತು. ಏರಿಯ ಹಿಂಬದಿಯಿಂದ ಇಳಿದು, ಕಳ್ಳಿಯ ಸಾಲು ಹಿಡಿದು, ಹಿತ್ತಲಿನಿಂದ ಮನೆ ಸೇರಿದೆ. ವಾಸನೆ ಹೋಗಲೆಂದು ಕೈಕಾಲಿಗೆ ಒಲೆಯ ಬೂದಿ ತಿಕ್ಕಿಕೊಂಡು, ಅಕ್ಕ ಅರ್ಧಕ್ಕೆ ಬಿಟ್ಟಿದ್ದ ಬೇಳೆಯ ಮೊರವನ್ನು ಮುಂದಿಟ್ಟುಕೊಂಡು, ಆಗಿನಿಂದ ಅಲ್ಲೇ ಕೂತವಳ ಹಾಗೆ ಕಲ್ಲು ಆರಿಸತೊಡಗಿದೆ. ಎಲ್ಲಿದ್ದೆ ಎಂದು ಅವ್ವ ಕೇಳಿದಳು. ಹಿತ್ತಲಿನಲ್ಲಿ ಎಂದೆ.

ಅಷ್ಟರಲ್ಲಿ ನಮ್ಮ ಓಣಿಯ ಪಿಂಜಾರ ಕಾಕಾ ಬಾಗಿಲಿಗೆ ಬಂದ. ಹತ್ತಿ ಹಿಂಜಿ ಗಾದಿ ಹೊಲಿಯುವವನು, ಓಣಿಯಲ್ಲಿ ಗಾಡಿ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಗಾಯವಾದವನನ್ನು ರೋಣಕ್ಕೆ ಒಯ್ಯಬೇಕು, ನಾನು ಎತ್ತು ಹೂಡುತ್ತೇನೆ, ಯಾರಾದರೂ ಅಲ್ಲಿಗೆ ನೀರು ಒಯ್ಯಿರಿ ಎಂದ. ಅವ್ವ ತುಂಬಿದ ಕೊಡಕ್ಕೆ ಕೈ ಹಾಕಿದಳು. ಅಕ್ಕ ಬೇಡವೆಂದಳು.

"ತುಂಬಿದ ಕೊಡ ಹೊತ್ತ ಓಡಾಕ ಆಗತೈತೇನ ಯವ್ವಾ? ಖಾಲಿ ಕೊಡಪಾನ ಕೊಡು, ಕೆರಿ ಅಲ್ಲೇ ಐತಿ, ತುಂಬಕೊಂಡ ಹೋಗತೀನಿ."

ನಾನು ತಲೆ ಎತ್ತಲಿಲ್ಲ. ಬೇಳೆಯಲ್ಲಿ ಒಂದು ಕರಿಯ ಕಲ್ಲಿತ್ತು, ಅದನ್ನೇ ನೋಡುತ್ತಿದ್ದೆ. ಅಕ್ಕನ ಕಾಲುಂಗುರವಿಲ್ಲದ ಬರಿಗಾಲು ನನ್ನ ಮೊರದ ಪಕ್ಕದಿಂದ ದಾಟಿ ಹೋಯಿತು. ಖಾಲಿ ಕೊಡಪಾನ ಅವಳ ಸೊಂಟಕ್ಕೆ ಬಡಿದು ಟಣ್ ಎಂದಿತು. ನಮ್ಮ ಮನೆಯಲ್ಲಿ ಆಗ ಏಳು ಪಾತ್ರೆ ಒಳ್ಳೆಯ ನೀರು ತುಂಬಿ, ಅರಿವೆ ಕಟ್ಟಿ ಇಟ್ಟಿತ್ತು.

ನಾದಿದ ಹಿಟ್ಟು ಬಿಟ್ಟರೆ ಒಣಗುತ್ತದೆ ಎಂದು ಅವ್ವ ರೊಟ್ಟಿ ಬಡಿಯಲು ಕೂತಳು. ಮೊದಲನೆಯ ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ಮೇಲೆ ಒದ್ದೆ ಅರಿವೆ ಒರೆಸಿದಳು, ಮಗುಚಿದಳು, ಅದು ಉಬ್ಬಿತು, ತೆಗೆದಳು. ನಾನು ಮನಸ್ಸಿನಲ್ಲೇ ಅಕ್ಕನ ಜೊತೆ ನಡೆಯುತ್ತಿದ್ದೆ: ಈಗ ಊರ ಅಗಸಿಬಾಗಿಲು ದಾಟಿದಳು, ಈಗ ಏರಿ ಹತ್ತಿದಳು. ಅವ್ವ ಎರಡನೆಯ ರೊಟ್ಟಿ ಬಡಿದಳು. ಈಗ ಮೆಟ್ಟಿಲು ಇಳಿದಳು, ಈಗ ಕೊಡಪಾನ ಮುಳುಗಿಸಿದಳು. ಹೇಳಿದರೆ ಅವ್ವ ಕಾಲು ಮುರಿಯುತ್ತಾಳೆ, ಅಪ್ಪ ಜನರ ಮುಂದೆ ತಲೆ ತಗ್ಗಿಸುತ್ತಾನೆ. ಅಕ್ಕ ವಾಸನೆ ಹಿಡಿದು ಬಿಟ್ಟಾಳು, ತಾನೇ ತಿಳಿದುಕೊಂಡಾಳು. ಹೀಗೆಲ್ಲ ಲೆಕ್ಕ ಹಾಕುತ್ತಿದ್ದೆ. ಆದರೆ ಅವತ್ತು ಊರ ಗಾಳಿಯೆಲ್ಲ ಎಣ್ಣೆ ನಾರುತ್ತಿತ್ತು, ಅವಳಾದರೂ ಬೇರೆ ಏನು ಹಿಡಿದಾಳು?

ಅವ್ವ ಮೂಗು ಮೇಲೆ ಮಾಡಿ ನನ್ನ ಲಂಗದ ಕಡೆ ನೋಡಿದಳು. ಹಂಚಿನ ಮೇಲೆ ಎರಡನೆಯ ರೊಟ್ಟಿ ಸೀಯತೊಡಗಿತ್ತು. ಆಗ ನನ್ನ ಬಾಯಿಂದ ಬಂತು: "ಯವ್ವಾ, ಇಮಾನದಾನ ಎಣ್ಣಿ ಎಲ್ಲಾ ಕೆರಿಯಾಗ ಬಿತ್ತು."

ಅವ್ವ ಎದ್ದಳು. ತುಂಬಿದ ಕೊಡವೊಂದನ್ನು ಸೊಂಟಕ್ಕಿಟ್ಟು, ತಲೆಯ ಮೇಲೆ ಸೆರಗೂ ಇಲ್ಲದೆ, ಬರಿಗಾಲಲ್ಲಿ ಓಡಿದಳು. ನಾನು ಹಿಂದೆ ಓಡಿದೆ.

ಅಲ್ಲಿ ಆದದ್ದನ್ನು ಆಮೇಲೆ ಅಪ್ಪ ಹೇಳಿದ. ವಿಮಾನದವನನ್ನು ಎಳೆದು ತೆಗೆದು, ನಿಶಾನೆಯ ಬಿಳಿ ಬಟ್ಟೆಯನ್ನು ಬಿಚ್ಚಿ ಹಾಸಿ ಮಲಗಿಸಿದ್ದರು. ಅವನ ದವಡೆ ಒಡೆದಿತ್ತು, ಬಾಯಿತುಂಬ ರಕ್ತ, ಮಾತು ಹೊರಡುತ್ತಿರಲಿಲ್ಲ. ಅಕ್ಕ ನೀರು ತಂದಳು. ಅಪ್ಪ ಬೊಗಸೆಯಲ್ಲಿ ಹಿಡಿದು ಬಾಯಿಗೆ ಬಿಡಲು ಹೋದರೆ ಅವನು ಮುಖ ತಿರುಗಿಸಿದ. ಮತ್ತೆ ಕೊಟ್ಟರೆ ಕೈಯಿಂದ ಹೊಡೆದು ಚೆಲ್ಲಿದ. ಸುತ್ತ ನಿಂತವರಿಗೆ ಅದು ಸರಿಬರಲಿಲ್ಲ. ಸಾಯುವ ಹೊತ್ತಿನಲ್ಲೂ ನೀರು ಬೇಡವೆನ್ನುವವನನ್ನು ಅವರು ಕಂಡಿರಲಿಲ್ಲ.

"ದೊಡ್ಡ ಮಂದಿ ನೋಡ, ನಮ್ಮ ಕೆರಿ ನೀರ ಅವರ ಗಂಟಲಾಗ ಇಳಿಯಂಗಿಲ್ಲ" ಎಂದು ಒಬ್ಬ ಮುದುಕ ಅಂದನಂತೆ. "ಹೊಲಸ ಐತಿ ಅಂತ ತಿಳಕೊಂಡಾನೇನ?"

ಅಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಗುರುತಿಲ್ಲದ ಊರು, ಗುರುತಿಲ್ಲದ ನೀರು, ಹೆದರಿದ್ದಾನೆ ಎಂದುಕೊಂಡಳು. ಸಣ್ಣ ಮಗುವಿಗೆ ತೋರಿಸುವ ಹಾಗೆ ಅವನ ಮುಂದೆ ಮಂಡಿಯೂರಿ, "ಚಲೋ ನೀರೈತ್ರಿ. ನೋಡ್ರಿ, ನಾನ ಕುಡದ ತೋರಸ್ತೀನಿ" ಎಂದು ಬೊಗಸೆ ತುಂಬ ಕುಡಿದಳು. ಅವನು ಗೊರಗೊರ ಸದ್ದು ಮಾಡಿ ತಲೆ ಅಲ್ಲಾಡಿಸಿದ. ಇನ್ನೂ ನಂಬಲಿಲ್ಲವೆಂದು ಅವಳು ಇನ್ನೊಂದು ಬೊಗಸೆ ಕುಡಿದಳು.

ಆ ನೀರಿನಲ್ಲಿ ಏನಿದೆ ಎಂದು ಭೂಮಿಯ ಮೇಲೆ ಗೊತ್ತಿದ್ದವರು ಇಬ್ಬರೇ. ಒಬ್ಬನಿಗೆ ಬಾಯಿ ಒಡೆದಿತ್ತು. ಇನ್ನೊಬ್ಬಳು ಬಾಯಿ ಚೆನ್ನಾಗಿದ್ದೂ ಬೇಳೆ ಆರಿಸುತ್ತಿದ್ದಳು.

ಅವ್ವ ದೂರದಿಂದಲೇ ಕೂಗುತ್ತ ಹೋದಳು. ನಾವು ಮುಟ್ಟುವ ಹೊತ್ತಿಗೆ ಅಕ್ಕ ತುಟಿ ಒರೆಸಿಕೊಳ್ಳುತ್ತಿದ್ದಳು. ಕೆಲವರು ಬಾಯಾರಿಕೆಗೆ ಕೊಡಪಾನದ ಸುತ್ತ ಕೈಯೊಡ್ಡಿ ನಿಂತಿದ್ದರು, ಅಪ್ಪ ಅದನ್ನು ಒದ್ದು ಉರುಳಿಸಿದ. ವಿಮಾನದವನು ಕಣ್ಣು ಮುಚ್ಚಿದ, ಅವನ ಕಣ್ಣಿನ ಮೂಲೆಯಿಂದ ನೀರು ಇಳಿಯಿತು. ಅವ್ವ ಅಕ್ಕನ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಿದಳು, ತಾನು ತಂದ ನೀರನ್ನು ಕುಡಿಸಿ ಮತ್ತೆ ಮಾಡಿಸಿದಳು.

ಪಿಂಜಾರ ಕಾಕಾನ ಗಾಡಿಯಲ್ಲಿ ಹೊಸ ಗಾದಿ ಹಾಸಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ರೋಣದ ದಾರಿಯಲ್ಲಿ ಅಕ್ಕನಿಗೆ ಬೆವರು ಕಿತ್ತುಕೊಂಡು ಬಂತು, ಬಾಯಿಂದ ಜೊಲ್ಲು ಹರಿಯಿತು, ಎದುರಿಗಿದ್ದ ಅಪ್ಪನೇ ಕಾಣಿಸುತ್ತಿಲ್ಲ ಎಂದಳಂತೆ. ವಿಮಾನದವನು ಅಂಗಿಯ ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು, ತನ್ನ ಕೆಳಗೆ ಹಾಸಿದ್ದ ನಿಶಾನೆಯ ಬಟ್ಟೆಯ ಮೂಲೆಯಲ್ಲಿ ಏನೋ ಬರೆದು, ಅದನ್ನು ಅಪ್ಪನ ಮುಷ್ಟಿಯೊಳಗೆ ತುರುಕಿ, ಅಕ್ಕನ ಕಡೆ ಬೆರಳು ತೋರಿಸಿದ. ಅದು ಇಂಗ್ಲಿಷ್ ಅಕ್ಷರ, ಅಪ್ಪನಿಗೆ ಬರುತ್ತಿರಲಿಲ್ಲ. ದವಾಖಾನೆಯ ಡಾಕ್ಟರ್ ಬಟ್ಟೆಯನ್ನು ಓದಿದವರೇ ಸೂಜಿ ತರಲು ಹೇಳಿದರು. ಅದು ಎಣ್ಣೆಯ ಹೆಸರಾಗಿತ್ತು. ಅದು ಗೊತ್ತಾಗದಿದ್ದರೆ ತಡವಾಗುತ್ತಿತ್ತು ಎಂದರು.

ಅಕ್ಕ ಉಳಿದಳು. ಅವನು ಉಳಿಯಲಿಲ್ಲ. ಅದೇ ಮಧ್ಯಾಹ್ನ, ಅವನ ಕಡೆಯವರು ಬಂದು ಮುಟ್ಟುವುದರೊಳಗೆ ತೀರಿಕೊಂಡ. ಅವನ ಹೊಟ್ಟೆಯೊಳಗೆ ಪೆಟ್ಟಾಗಿತ್ತಂತೆ. ಅವನ ಹೆಸರು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ದೊಡ್ಡ ಮಂದಿ ಎಂದು ಅಂದಿದ್ದ ಆ ಮುದುಕ ಬಹಳ ದಿನ ನಮ್ಮ ಮನೆಯ ಮುಂದೆ ಹಾಯಲಿಲ್ಲ.

ಮರುದಿನ ಕೆರೆಯ ತುಂಬ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಅಪ್ಪ ತನ್ನ ಬಿದಿರಿಗೆ ಅವ್ವನ ಹಳೆಯ ಸೀರೆಯ ತುಂಡು ಕಟ್ಟಿ ಮೆಟ್ಟಿಲಿನ ಬಾಯಿಗೆ ನೆಟ್ಟು, ಯಾರೂ ಇಳಿಯದಂತೆ ಕಾದು ಕೂತ. ಏರಿ ಒಡೆದು ಆ ನೀರನ್ನೆಲ್ಲ ಹಳ್ಳಕ್ಕೆ ಬಿಟ್ಟರು. ಮುಂದಿನ ಮಳೆಗಾಲದವರೆಗೆ ಊರು ಸವಳು ನೀರನ್ನೇ ಕುಡಿಯಿತು. ಮನೆಗೆ ಬಂದವರಿಗೆ ಬರೀ ಬೆಲ್ಲ ಕೊಡುತ್ತಿದ್ದರು, ನೀರು ಕೊಡಲು ನಾಚುತ್ತಿದ್ದರು.

ಇನ್ನು ನನ್ನ ಮಾತು. ನಾನು ನೋಡಿದ ಕೂಡಲೇ ಓಡಿ ಬಂದು ಹೇಳಿದೆ ಎಂದು ಊರೆಲ್ಲ ತಿಳಿದುಕೊಂಡಿತು. ಹೊರಗೆ ಹೋದದ್ದಕ್ಕೆ ಯಾರೂ ಬೈಯಲಿಲ್ಲ. "ಈ ಸಣ್ಣ ಹುಡುಗಿ ಕಣ್ಣೀಂದ ನಮ್ಮ ಮಕ್ಕಳು ಮರಿ ಉಳದವು" ಎಂದು ಹೆಂಗಸರು ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು. ಸಾಲಿಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಅಪ್ಪ ಎಂದೂ ಇಲ್ಲದ್ದು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡ. ನಿಜ ಗೊತ್ತಿದ್ದದ್ದು ಅವ್ವನಿಗೆ ಒಬ್ಬಳಿಗೆ. ಅವಳು ಸಾಯುವ ತನಕ ಅದನ್ನು ಯಾರ ಮುಂದೆಯೂ ಆಡಲಿಲ್ಲ, ನನ್ನ ಮುಂದೆಯೂ ಆಡಲಿಲ್ಲ. ಆ ಲಂಗವನ್ನು ಮಾತ್ರ ಅವತ್ತೇ ಒಲೆಗೆ ಹಾಕಿದಳು.

ಅಕ್ಕ ಮನೆಗೆ ಬಂದ ಕೆಲವು ವಾರಗಳಿಗೆ ಅವಳ ಪಾದ ಸೋತವು, ಕೈ ನಡುಗಲು ಹತ್ತಿದವು. ನಡೆಯುವಷ್ಟು ಸುಧಾರಿಸಿದಳು, ಆದರೆ ಮತ್ತೆಂದೂ ಕೊಡ ಹೊರಲಿಲ್ಲ. ಅವಳ ಪಾಲಿನ ನೀರನ್ನು ನಾನು ಹೊತ್ತೆ. ಮದುವೆಯಾಗುವ ತನಕ ದಿನಾ ಹೊತ್ತೆ, ಒಂದು ಹನಿ ಚೆಲ್ಲದೆ.

ನಿಮಗೆ ಅವಳು ಗೊತ್ತು. ಎರಡು ವರ್ಷದ ಹಿಂದಿನ ತನಕ ಈ ಮನೆಯಲ್ಲೇ ನಮ್ಮ ಜೊತೆಗಿದ್ದ ದೊಡ್ಡಜ್ಜಿ ಅವಳೇ. ಅವಳು ಚಹಾ ಕುಡಿಯುವಾಗ ಕಪ್ಪೂ ಬಸಿಯೂ ತಾಗಿ ಟಿಣಿಟಿಣಿ ಎಂದರೆ, ದೊಡ್ಡಜ್ಜಿಯ ಬಸಿ ಹಾಡುತ್ತದೆ ಅಂತ ನೀವು ನಗುತ್ತಿದ್ದಿರಿ, ಅವಳೂ ನಗುತ್ತಿದ್ದಳು. ಬಂದವರೆಲ್ಲರ ಮುಂದೆ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಮ್ಮ ಸಣ್ಣಾಕಿ ಓಡಿ ಬಂದ ಹೇಳಲಿಲ್ಲಂದ್ರ ನಾ ಅವತ್ತ ಹೋಗತಿದ್ದೆ." ನಾನು ಪ್ರತಿ ಸಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಒಂದು ಆಯುಷ್ಯವೇ ಕಳೆಯಿತು. ಅವಳಿಗೆ ಹೇಳಲಿಲ್ಲ. ಮೊದಲ ಸಲ ಹೇಳುತ್ತಿರುವುದು ನಿಮಗೆ.

ಈಗ ನಿಮಗೆ ನಲ್ಲಿಯಲ್ಲಿ ನೀರು ಬರುತ್ತದೆ, ಕುಡಿಯಲು ಬೇರೆ ಕ್ಯಾನು ಬರುತ್ತದೆ. ಆ ಕೆರೆಗೆ ಯಾರೂ ಚಪ್ಪಲಿ ಬಿಟ್ಟು ಇಳಿಯುವುದಿಲ್ಲ, ಇಳಿಯುವವರೇ ಇಲ್ಲ. ಎಣ್ಣೆ ಹೊಡೆಯುವ ಡ್ರೋನಿನಲ್ಲಿ ಮನುಷ್ಯನಿಲ್ಲ, ಅದನ್ನು ಹಾರಿಸುವ ಹುಡುಗ ಬದುವಿನ ಮೇಲೆ ನೆರಳು ನೋಡಿಕೊಂಡು ನಿಂತಿರುತ್ತಾನೆ. ಅದು ಬಿದ್ದರೆ ಎತ್ತಿಕೊಂಡು ಹೋಗಿ ರಿಪೇರಿ ಮಾಡಿಸುತ್ತಾನೆ. ಅದು ಒಳ್ಳೆಯದೇ ಆಯಿತು. ಆದರೆ ಅದರ ಹೊಟ್ಟೆಯಲ್ಲಿರುವ ಎಣ್ಣೆ ಎಣ್ಣೆಯೇ, ಅದು ಎಲ್ಲಿ ಬೀಳುತ್ತದೆ ಎಂದು ನೋಡುವ ಕಣ್ಣು ಈಗ ನಿಮ್ಮವು.

ಈ ಮನೆಯಲ್ಲಿ ಬಸಿ ಒಡೆದರೂ, ಮೊಬೈಲ್ ನೀರಿಗೆ ಬಿದ್ದರೂ, ಬೇಡವೆಂದ ಕಡೆಗೆ ಹೋಗಿ ಬಂದರೂ ಅಜ್ಜಿ ಯಾಕೆ ಬೈಯುವುದಿಲ್ಲ ಎಂದು ನಿಮ್ಮವ್ವ ನನ್ನ ಮೇಲೆ ಸಿಟ್ಟಾಗುತ್ತಾಳೆ. ಮಕ್ಕಳು ಏನಾದರೂ ಹೇಳಲು ಬಂದರೆ ಒಲೆಯ ಮುಂದಿನಿಂದ ಎದ್ದೇ ಬಿಡುತ್ತೀರಿ, ಹಂಚಿನ ಮೇಲೆ ರೊಟ್ಟಿ ಕರಕಾಗುತ್ತದೆ ಎನ್ನುತ್ತಾಳೆ. ಆಗಲಿ ಬಿಡಿ. ಕರಕಾದ ರೊಟ್ಟಿಯನ್ನು ನಾನು ತಿನ್ನುತ್ತೇನೆ. ನೀವು ಮೊದಲು ಬಂದು ಹೇಳಿ.